ಸುಟ್ಟುಹೋದ ಸುರುಳಿ, ಉಳಿದುಬಂದ ಆಟ

ಹೊತ್ತು ಮೂಡುವ ಮುನ್ನವೇ ಚೀನಾ ದೇಶದ ನಗರಗಳ ಉದ್ಯಾನಗಳಲ್ಲಿ ಜನ ನೆರೆಯತೊಡಗುತ್ತಾರೆ. ಅವರಲ್ಲಿ ಬಹುಮಂದಿ ಅರವತ್ತನ್ನು ದಾಟಿದವರು. ತಲೆ ನರೆತ ವೃದ್ಧೆಯೊಬ್ಬರು ಮೈಭಾರವನ್ನೆಲ್ಲ ಬಲಗಾಲಿನ ಮೇಲಿರಿಸಿ, ಎಡಪಾದದ ಮುಂಭಾಗವನ್ನಷ್ಟೇ ನೆಲಕ್ಕೆ ಸೋಕಿಸಿ, ಬಲಗೈಯನ್ನು ಹಣೆಯೆತ್ತರಕ್ಕೆ ಏರಿಸಿ, ಎಡಗೈಯನ್ನು ಸೊಂಟದ ಪಕ್ಕಕ್ಕೆ ಇಳಿಬಿಟ್ಟು ಕ್ಷಣಕಾಲ ನಿಲ್ಲುತ್ತಾರೆ. ಆ ಭಂಗಿಯ ಹೆಸರು ‘ಬಿಳಿಯ ಕೊಕ್ಕರೆ ರೆಕ್ಕೆ ಬಿಚ್ಚುವುದು’. ಸ್ವಲ್ಪ ದೂರದಲ್ಲಿ ವೃದ್ಧರೊಬ್ಬರು ಒಂದು ಕಾಲನ್ನು ಚಾಚಿ, ಇನ್ನೊಂದನ್ನು ಮಡಿಸಿ, ಮೆಲ್ಲನೆ ನೆಲದತ್ತ ತಗ್ಗುತ್ತಾರೆ. ಅದು ‘ಹಾವು ತೆವಳಿ ಇಳಿಯುವುದು’. ಮರುಕ್ಷಣವೇ ಅವರು ಮೇಲೆದ್ದು ಒಂಟಿಕಾಲಿನಲ್ಲಿ ನಿಂತರೆ, ಅದು ‘ಹೊನ್ನಿನ ಹುಂಜ’.

ತೈ ಚಿ ಎಂಬ ಈ ಸಾಧನೆಯನ್ನು ಮೊದಲ ಬಾರಿಗೆ ಕಂಡ ಮಗುವು, ಅಜ್ಜ ಅಜ್ಜಿಯರು ಪ್ರಾಣಿಗಳ ಆಟ ಆಡುತ್ತಿದ್ದಾರೆಂದು ನಕ್ಕರೆ ಅದು ತಪ್ಪಲ್ಲ. ಇದಕ್ಕಿಂತಲೂ ಎಷ್ಟೋ ಹಳೆಯದಾದ, ಇದರೊಡನೆ ಈಗ ಅನೇಕರು ಜೊತೆಗೂಡಿಸಿ ಅಭ್ಯಾಸಮಾಡುವ ಇನ್ನೊಂದು ವ್ಯಾಯಾಮ ಪದ್ಧತಿಗೆ ಚೀನೀಯರು ಇಟ್ಟ ಹೆಸರೇ ‘ಐದು ಪ್ರಾಣಿಗಳ ಆಟ’. ಚೀನೀ ಭಾಷೆಯಲ್ಲಿ ಅದು ವೂ ಛಿನ್ ಶಿ. ಹುಲಿ, ಜಿಂಕೆ, ಕರಡಿ, ಕೋತಿ, ಹಕ್ಕಿ, ಇವೇ ಆ ಐದು. ಈ ಆಟದ ಹಿಂದೆ ಒಬ್ಬ ವೈದ್ಯನ ದುರಂತಕಥೆಯುಂಟು.

ವೈದ್ಯನೂ ಪ್ರಭುವೂ

ಸುಮಾರು 1800 ವರ್ಷಗಳ ಹಿಂದಿನ ಮಾತು. ಹಾನ್ ರಾಜವಂಶವು ಕುಸಿಯುತ್ತಿದ್ದ ಕಾಲ. ಇಂದಿನ ಅನ್‌ಹುಯಿ ಪ್ರಾಂತದ ಬೋಜೌ ಎಂಬಲ್ಲಿ ಹುಟ್ಟಿದ ಹುವಾ ತುವೊ ಎಂಬ ವೈದ್ಯನ ಕೀರ್ತಿ ದೇಶದ ಉದ್ದಗಲಕ್ಕೂ ಹಬ್ಬಿತ್ತು. ಮದ್ಯದಲ್ಲಿ ಕಲಸಿದ ಒಂದು ಚೂರ್ಣವನ್ನು ಕುಡಿಸಿ ರೋಗಿಗೆ ಅರಿವು ತಪ್ಪಿಸಿ, ಹೊಟ್ಟೆಯನ್ನು ಕೊಯ್ದು ಶಸ್ತ್ರಚಿಕಿತ್ಸೆ ಮಾಡುತ್ತಿದ್ದನೆಂದು ಆ ಕಾಲದ ಇತಿಹಾಸ ಗ್ರಂಥವು ಹೇಳುತ್ತದೆ. ಚುಚ್ಚುವುದು ಒಂದೆರಡು ಸೂಜಿ, ಕೊಡುವುದು ಕೆಲವೇ ಮೂಲಿಕೆ, ಆದರೆ ಗುಣ ಖಂಡಿತ ಎಂಬುದು ಅವನ ಬಗ್ಗೆ ಜನರಿಗಿದ್ದ ನಂಬಿಕೆ.

ಅದೇ ಊರಿನ ಸೀಮೆಯಲ್ಲಿ ಹುಟ್ಟಿದ ಇನ್ನೊಬ್ಬನು ತ್ಸಾವ್ ತ್ಸಾವ್. ಆತ ಉತ್ತರ ಚೀನಾವನ್ನು ತನ್ನ ಮುಷ್ಟಿಯಲ್ಲಿ ಹಿಡಿದ ಪ್ರಬಲ ದಂಡನಾಯಕ. ಅವನಿಗೆ ಬಿಡದೆ ಕಾಡುವ ತಲೆಶೂಲೆ. ಹುವಾ ತುವೊ ಸೂಜಿ ಚುಚ್ಚಿದಾಗ ನೋವು ಇಳಿಯುತ್ತಿತ್ತು. ಆದಕಾರಣ ವೈದ್ಯನು ಸದಾ ತನ್ನ ಬಳಿಯಲ್ಲೇ ಇರತಕ್ಕದ್ದೆಂದು ಪ್ರಭು ಬಯಸಿದ. ವೈದ್ಯನಿಗೆ ಆ ಬಂಧನ ಬೇಡವಾಯಿತು. ಊರಿಗೆ ಹೋಗಿಬರುವೆನೆಂದು ಹೊರಟವನು, ಹೆಂಡತಿಗೆ ಕಾಯಿಲೆಯೆಂಬ ನೆಪ ಹೇಳಿ ಅಲ್ಲೇ ಉಳಿದುಬಿಟ್ಟ. ಕರೆಯ ಮೇಲೆ ಕರೆ ಬಂದರೂ ಹೊರಡಲಿಲ್ಲ. ಕೊನೆಗೆ ಬಂದ ರಾಜಭಟರು ಹೆಂಡತಿಗೆ ಯಾವ ಕಾಯಿಲೆಯೂ ಇಲ್ಲವೆಂಬುದನ್ನು ಕಂಡುಕೊಂಡು ಅವನನ್ನು ಸೆರೆಗೊಯ್ದರು. ಇಂತಹ ವೈದ್ಯನ ಕೈಯಲ್ಲಿ ಎಷ್ಟೋ ಜನರ ಪ್ರಾಣವಿದೆ, ಕ್ಷಮಿಸಬೇಕೆಂದು ಮಂತ್ರಿಯೊಬ್ಬನು ಬೇಡಿಕೊಂಡರೂ ಪ್ರಭುವಿನ ಕೋಪ ತಣಿಯಲಿಲ್ಲ. ಮರಣದಂಡನೆಯೇ ತೀರ್ಪಾಯಿತು.

ಸಾವಿನ ಮುನ್ನ ಹುವಾ ತುವೊ ಒಂದು ಸುರುಳಿಯನ್ನು ತೆಗೆದು ಸೆರೆಮನೆಯ ಕಾವಲುಗಾರನ ಮುಂದೆ ಚಾಚಿದ. ಜೀವಗಳನ್ನು ಉಳಿಸಬಲ್ಲ ವಿದ್ಯೆ ಅದರಲ್ಲಿದೆಯೆಂದ. ಕಾವಲುಗಾರ ಕಾನೂನಿಗೆ ಹೆದರಿ ಕೈಚಾಚಲಿಲ್ಲ. ವೈದ್ಯನೂ ಬಲವಂತಮಾಡಲಿಲ್ಲ. ಬೆಂಕಿ ತರಿಸಿ ಆ ಸುರುಳಿಯನ್ನು ತಾನೇ ಸುಟ್ಟುಬಿಟ್ಟ. ಕ್ರಿ. ಶ. 208 ರ ಹೊತ್ತಿಗೆ ಇಷ್ಟೂ ನಡೆದುಹೋಗಿತ್ತು. ಆ ವರ್ಷ ತ್ಸಾವ್ ತ್ಸಾವನ ಮುದ್ದಿನ ಮಗನು ಕಾಯಿಲೆ ಬಿದ್ದು ತೀರಿಕೊಂಡಾಗ, ವೈದ್ಯನನ್ನು ಕೊಲ್ಲಿಸಿದ್ದಕ್ಕಾಗಿ ತಂದೆ ಪರಿತಪಿಸಿದನಂತೆ. ಪರಿತಾಪದಿಂದ ಬೂದಿ ಮತ್ತೆ ಗ್ರಂಥವಾಗುವುದೆ?

ಶಿಷ್ಯನ ಮೈಯಲ್ಲಿ ಉಳಿದದ್ದು

ಆದರೆ ಸುರುಳಿಯೊಡನೆ ಎಲ್ಲವೂ ಸುಡಲಿಲ್ಲ. ಹುವಾ ತುವೊನಿಗೆ ವೂ ಪು ಎಂಬ ಶಿಷ್ಯನಿದ್ದ. ಮನುಷ್ಯನ ದೇಹಕ್ಕೆ ದಣಿವು ಬೇಕು, ಆದರೆ ಅತಿಯಾದ ದಣಿವು ಸಲ್ಲದು; ಚಲಿಸುವ ಮೈಯಲ್ಲಿ ಅನ್ನ ಅರಗುತ್ತದೆ, ರಕ್ತ ಹರಿಯುತ್ತದೆ, ರೋಗ ನೆಲೆಯೂರುವುದಿಲ್ಲ ಎಂಬುದು ಗುರುವು ಅವನಿಗೆ ಕೊಟ್ಟ ಉಪದೇಶದ ಸಾರ. ದಿನವೂ ತಿರುಗುವ ಬಾಗಿಲಿನ ತಿರುಗುಣಿಯು ಹುಳ ಹಿಡಿಯದೆ ಉಳಿಯುವುದನ್ನು ಆತ ಉದಾಹರಣೆಯಾಗಿ ತೋರಿಸಿದ. ಮೈ ಸರಿಯಿಲ್ಲವೆನ್ನಿಸಿದಾಗ ಐದರಲ್ಲಿ ಒಂದು ಪ್ರಾಣಿಯ ಆಟವನ್ನು ಬೆವರು ಒಡೆಯುವತನಕ ಆಡಬೇಕು. ಮೈ ಹಗುರಾಗಿ ಹಸಿವು ಹುಟ್ಟುವುದು ಎಂದ. ವೂ ಪು ಅದನ್ನು ಬಿಡದೆ ಅಭ್ಯಾಸ ಮಾಡಿದ. ತೊಂಬತ್ತು ದಾಟಿದ ಮೇಲೂ ಅವನ ಕಣ್ಣು ಕಿವಿಗಳು ಚುರುಕಾಗಿದ್ದವು, ಹಲ್ಲುಗಳೆಲ್ಲ ಗಟ್ಟಿಯಾಗಿದ್ದವು ಎಂದು ಮೂರನೆಯ ಶತಮಾನದ ಇತಿಹಾಸಕಾರ ಚೆನ್ ಷೌ ಬರೆದಿಟ್ಟಿದ್ದಾನೆ.

ಪ್ರಾಣಿಗಳಿಂದ ಮೈಯ ಚಲನೆಯನ್ನು ಕಲಿಯುವ ಯೋಚನೆ ಹುವಾ ತುವೊನಿಗಿಂತಲೂ ಹಳೆಯದು. 1973 ರಲ್ಲಿ ಹುನಾನ್ ಪ್ರಾಂತದ ಚಾಂಗ್‌ಷಾ ನಗರದ ಬಳಿಯ ಮಾವಾಂಗ್‌ಡುಯಿ ಎಂಬಲ್ಲಿ ಒಂದು ಪ್ರಾಚೀನ ಸಮಾಧಿಯನ್ನು ತೆರೆದಾಗ ರೇಷ್ಮೆಯ ಮೇಲೆ ಬರೆದ ಚಿತ್ರಪಟವೊಂದು ಸಿಕ್ಕಿತು. ಆ ಸಮಾಧಿಯನ್ನು ಮುಚ್ಚಿದ್ದು ಕ್ರಿ. ಪೂ. 168 ರಲ್ಲಿ. ಪಟದಲ್ಲಿ ನಾಲ್ಕು ಸಾಲುಗಳಲ್ಲಿ 44 ಮಂದಿ ಗಂಡಸರು ಹೆಂಗಸರು ಬಗೆಬಗೆಯಾಗಿ ಮೈಯನ್ನು ಬಾಗಿಸುತ್ತ, ಚಾಚುತ್ತ ನಿಂತಿದ್ದಾರೆ. ಕೆಲವು ಚಿತ್ರಗಳ ಪಕ್ಕದಲ್ಲಿ ಕರಡಿ, ಕೋತಿ ಮುಂತಾದ ಪ್ರಾಣಿಗಳ ಹೆಸರುಗಳುಂಟು. ಹೀಗಾಗಿ ವೈದ್ಯನು ಹೊಸದಾಗಿ ಸೃಷ್ಟಿಸಿದನೆನ್ನುವುದಕ್ಕಿಂತ, ಹರಡಿಹೋಗಿದ್ದುದನ್ನು ಐದು ಪ್ರಾಣಿಗಳ ಸುತ್ತ ಒಟ್ಟುಗೂಡಿಸಿದನೆನ್ನುವುದು ಸರಿ.

ಆಟದ ರೂಪವೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ತಾವ್ ಹಾಂಗ್‌ಜಿಂಗ್ (456–536) ಎಂಬ ವಿದ್ವಾಂಸನ ಹೆಸರಿನಲ್ಲಿರುವ ಗ್ರಂಥದಲ್ಲಿ ಹುಲಿಯಾಟವೆಂದರೆ ಕೈಕಾಲುಗಳನ್ನೂರಿ ಮುಂದಕ್ಕೂ ಹಿಂದಕ್ಕೂ ನೆಗೆಯುವುದು, ಕರಡಿಯಾಟವೆಂದರೆ ಅಂಗಾತ ಮಲಗಿ ಮೊಣಕಾಲುಗಳನ್ನು ತಬ್ಬಿ ಹೊರಳುವುದು, ಕೋತಿಯಾಟವೆಂದರೆ ಜೋತಾಡುವುದು. ಇಂದು ಬಳಕೆಯಲ್ಲಿರುವ ರೂಪವನ್ನು ಚೀನಾ ಸರ್ಕಾರದ ಕ್ರೀಡಾ ಇಲಾಖೆಯು 2003 ರಲ್ಲಿ ಪ್ರಕಟಿಸಿತು. ಪ್ರಾಣಿಗೆ ಎರಡರಂತೆ ಒಟ್ಟು ಹತ್ತು ಚಲನೆಗಳು. ಎಲ್ಲವನ್ನೂ ನಿಂತೇ ಮಾಡಬಹುದು.

ಅಂಗೈಯ ಮೇಲಿನ ಗುಬ್ಬಚ್ಚಿ

ಇನ್ನು ತೈ ಚಿ. ಅದು ಮೂಲತಃ ಕಾಳಗದ ಕಲೆ. ವೂಡಾಂಗ್ ಬೆಟ್ಟದ ಮೇಲೆ ಚಾಂಗ್ ಸಾನ್‌ಫೆಂಗ್ ಎಂಬ ಸಿದ್ಧನು ಹಾವಿಗೂ ಹಕ್ಕಿಗೂ ನಡೆದ ಜಗಳವನ್ನು ನೋಡಿ, ಹಕ್ಕಿ ಎರಗಿದಾಗಲೆಲ್ಲ ಹಾವು ಬಳುಕಿ ತಪ್ಪಿಸಿಕೊಂಡ ರೀತಿಯಿಂದ ಈ ಕಲೆಯನ್ನು ಕಂಡುಕೊಂಡನೆಂಬ ಕಥೆ ಮನೆಮಾತಾಗಿದೆ. ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಅವರ ಶೋಧನೆಯು ಹೆನಾನ್ ಪ್ರಾಂತದ ಚೆನ್‌ಜಿಯಾಗೌ ಎಂಬ ಹಳ್ಳಿಗೂ, 17ನೆಯ ಶತಮಾನದಲ್ಲಿ ಅಲ್ಲಿದ್ದ ಚೆನ್ ವಾಂಗ್‌ಟಿಂಗ್ ಎಂಬ ಯೋಧನಿಗೂ ಹೋಗಿ ಮುಟ್ಟುತ್ತದೆ. ಆ ಹಳ್ಳಿಯಲ್ಲಿ ಕಲಿತ ಯಾಂಗ್ ಲೂಚಾನ್ (1799–1872) ಅದನ್ನು ಬೀಜಿಂಗಿಗೆ ಕೊಂಡೊಯ್ದ. 1956 ರಲ್ಲಿ ಯಾಂಗ್ ಮನೆತನದ ದೀರ್ಘ ಕ್ರಮವನ್ನು ಸಂಕ್ಷೇಪಿಸಿ, ಸಾಮಾನ್ಯ ಜನರಿಗೆಂದು 24 ಭಂಗಿಗಳ ಸರಳ ಕ್ರಮವೊಂದನ್ನು ಏರ್ಪಡಿಸಲಾಯಿತು. ಪ್ರಪಂಚದ ನಾನಾ ದೇಶಗಳಲ್ಲಿ ಹೊಸಬರು ಮೊದಲು ಕಲಿಯುವುದು ಸಾಮಾನ್ಯವಾಗಿ ಇದನ್ನೇ. 2020 ರಲ್ಲಿ ಯುನೆಸ್ಕೋ ಸಂಸ್ಥೆಯು ತೈ ಚಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಕ್ರಮದ ಭಂಗಿಗಳಲ್ಲಿ ಪ್ರಾಣಿಗಳ ಹೆಸರು ಹೆಜ್ಜೆಹೆಜ್ಜೆಗೂ ಬರುತ್ತದೆ. ಕಾಡುಕುದುರೆಯ ಕೇಸರವನ್ನು ಬಿಡಿಸುವುದು, ಕೊಕ್ಕರೆ ರೆಕ್ಕೆ ಬಿಚ್ಚುವುದು, ಕೋತಿಯನ್ನು ಹಿಮ್ಮೆಟ್ಟಿಸುವುದು, ಗುಬ್ಬಚ್ಚಿಯ ಬಾಲವನ್ನು ಹಿಡಿಯುವುದು, ಇತ್ಯಾದಿ. ಭಾರತೀಯರಿಗೆ ಇದು ಹೊಸದೆನ್ನಿಸದು; ಭುಜಂಗಾಸನ, ಮಯೂರಾಸನ, ಕುಕ್ಕುಟಾಸನಗಳ ಹೆಸರು ಕೇಳದವರಾರು? ಆದರೆ ಒಂದು ಭೇದವುಂಟು. ಆಸನದಲ್ಲಿ ಸಾಧಕನು ಆ ಆಕಾರವನ್ನು ತಳೆದು ಸ್ಥಿರವಾಗುತ್ತಾನೆ. ತೈ ಚಿಯಲ್ಲಿ ಪ್ರಾಣಿಯು ನಿಲ್ಲುವುದಿಲ್ಲ. ಒಂದು ಭಂಗಿ ಇನ್ನೊಂದರೊಳಗೆ ಕರಗುತ್ತಲೇ ಇರುತ್ತದೆ.

ಗುಬ್ಬಚ್ಚಿಯ ಪ್ರಸ್ತಾಪ ಬಂದಾಗಲೆಲ್ಲ ಗುರುಗಳು ಒಂದು ಕಥೆ ಹೇಳುತ್ತಾರೆ. ಯಾಂಗ್ ಮನೆತನದ ಹಿರಿಯರೊಬ್ಬರು ಅಂಗೈಯ ಮೇಲೆ ಗುಬ್ಬಚ್ಚಿಯನ್ನು ಕೂರಿಸಿಕೊಂಡರೆ ಅದಕ್ಕೆ ಹಾರಲು ಆಗುತ್ತಿರಲಿಲ್ಲವಂತೆ. ಅವರು ಅದನ್ನು ಹಿಡಿಯುತ್ತಿರಲಿಲ್ಲ. ಹಕ್ಕಿ ಹಾರಬೇಕಾದರೆ ಕಾಲಿನಿಂದ ಒತ್ತಿ ಚಿಮ್ಮಬೇಕಷ್ಟೆ. ಅದು ಒತ್ತಿದ ಕ್ಷಣದಲ್ಲೇ ಅಂಗೈ ಅಷ್ಟೇ ತಗ್ಗುತ್ತಿತ್ತು. ಚಿಮ್ಮಲು ಆಸರೆಯಿಲ್ಲದೆ ಹಕ್ಕಿ ಅಲ್ಲೇ ಉಳಿಯುತ್ತಿತ್ತು. ಕಥೆ ನಿಜವೋ ಸುಳ್ಳೋ, ಅದರ ಪಾಠ ನಿಜ. ಪ್ರಾಣಿಯಂತೆ ಕಾಣುವುದು ಸಾಧನೆಯಲ್ಲ. ಪ್ರಾಣಿಯ ಕಾಲಿನ ಒತ್ತಡವನ್ನು ಅಂಗೈಯಲ್ಲಿ ಅರಿಯುವಷ್ಟು ಎಚ್ಚರವಾಗುವುದು ಸಾಧನೆ.

ಐವರು ಉಪಾಧ್ಯಾಯರು

ತೈ ಚಿಯ ಕ್ರಮದ ನಡುವೆ ಹೊಸ ಚಲನೆಗಳನ್ನು ತುರುಕುವುದನ್ನು ಸಂಪ್ರದಾಯಸ್ಥರು ಒಪ್ಪುವುದಿಲ್ಲ. ಅವರ ಮಾತು ನ್ಯಾಯವೇ ಸರಿ. ಹರಿಯುವ ನೀರಿಗೆ ಅಡ್ಡಗಟ್ಟೆ ಹಾಕಿದಂತೆ ಅಭ್ಯಾಸದ ಓಟ ತಡೆಯುತ್ತದೆ. ಆದುದರಿಂದ ವಿವೇಕಿಗಳು ಅನುಸರಿಸುವ ದಾರಿ ಬೇರೆ. ಮೊದಲು ಐದು ಪ್ರಾಣಿಗಳ ಆಟವನ್ನು ಪ್ರತ್ಯೇಕವಾಗಿ ಆಡಿ ಮೈಯನ್ನು ಸಡಿಲಗೊಳಿಸುವುದು. ಅನಂತರ ತೈ ಚಿಯ ಕ್ರಮವನ್ನು ಇದ್ದಂತೆಯೇ ಮಾಡುತ್ತ, ಒಂದೊಂದು ವಾರ ಒಂದೊಂದು ಪ್ರಾಣಿಯ ಗುಣವನ್ನು ಅದರಲ್ಲಿ ಹುಡುಕುವುದು. ಹೊರಗಿನಿಂದ ಸೇರಿಸುವುದು ಏನೂ ಇಲ್ಲ. ಒಳಗೆ ಇರುವುದನ್ನು ಎಬ್ಬಿಸುವುದಷ್ಟೇ.

ಹುಲಿ: ಬೆರಳುಗಳನ್ನು ಅಗಲಿಸಿ ಪಂಜದಂತೆ ಬಾಗಿಸಿ, ಮೆಲ್ಲನೆ ಮುಷ್ಟಿಯಾಗಿ ಬಿಗಿದು, ಭಾರವಾದ ವಸ್ತುವನ್ನು ಎತ್ತುವವರಂತೆ ಕೈಗಳನ್ನು ತಲೆಯ ಮೇಲಕ್ಕೆ ಒಯ್ದು, ಹಾಗೆಯೇ ಕೆಳಕ್ಕೆ ಎಳೆಯುವುದು ಹುಲಿಯ ಮೊದಲ ಚಲನೆ. ಹುಲಿಯಿಂದ ಕಲಿಯತಕ್ಕದ್ದು ಆರ್ಭಟವನ್ನಲ್ಲ, ಹೆಜ್ಜೆಯನ್ನು. ತೈ ಚಿಯಲ್ಲಿ ಬೆಕ್ಕಿನಂತೆ ನಡೆಯಬೇಕೆಂಬ ಹಳೆಯ ಸೂತ್ರವುಂಟು; ಬೆಕ್ಕು ಹುಲಿಯ ನೆಂಟನೇ ತಾನೆ? ಮುಂದಿಟ್ಟ ಪಾದದ ಹಿಮ್ಮಡಿ ಮೊದಲು ನೆಲವನ್ನು ಮುಟ್ಟುತ್ತದೆ. ಆಗ ಅದರ ಮೇಲೆ ಭಾರವಿಲ್ಲ. ನೆಲ ಗಟ್ಟಿಯೆಂದು ತಿಳಿದ ಮೇಲೆಯೇ ಭಾರ ಸ್ವಲ್ಪಸ್ವಲ್ಪವಾಗಿ ಅಲ್ಲಿಗೆ ಸರಿಯುತ್ತದೆ. ಬೇಡವೆನ್ನಿಸಿದರೆ ಪಾದವನ್ನು ಹಿಂದಕ್ಕೆ ಎಳೆದುಕೊಳ್ಳುವ ಸ್ವಾತಂತ್ರ್ಯ ಕೊನೆಯ ಕ್ಷಣದವರೆಗೂ ಇರುತ್ತದೆ. ಒದ್ದೆಯಾದ ಬಚ್ಚಲುಮನೆಯಲ್ಲಿ, ಕತ್ತಲೆಯ ಮೆಟ್ಟಲಿನಲ್ಲಿ ಕಾಲಿಡುವ ಹಿರಿಯರಿಗೆ ಇದಕ್ಕಿಂತ ಉಪಯುಕ್ತವಾದ ವಿದ್ಯೆ ಯಾವುದು?

ಜಿಂಕೆ: ಒಂದು ಹೆಜ್ಜೆ ಮುಂದಿಟ್ಟು, ನಡುವನ್ನು ತಿರುಗಿಸಿ, ಹಿಂದಿನ ಹಿಮ್ಮಡಿಯನ್ನು ನೋಡುವುದು ಜಿಂಕೆಯ ಚಲನೆ, ಕೈಗಳು ಕೊಂಬಿನಂತೆ ಪಕ್ಕಕ್ಕೆ ಚಾಚುತ್ತವೆ. ಇಲ್ಲಿ ಕಲಿಯಬೇಕಾದದ್ದು ಬೆನ್ನೆಲುಬಿನ ತಿರುವು. ತೈ ಚಿಯಲ್ಲಿ ಕುದುರೆಯ ಕೇಸರವನ್ನು ಬಿಡಿಸುವಾಗ ಹೊಸಬರು ತೋಳುಗಳನ್ನಷ್ಟೇ ಬೀಸುತ್ತಾರೆ. ಜಿಂಕೆಯನ್ನು ಅಭ್ಯಾಸಮಾಡಿದವರಿಗೆ ನಡು ತಿರುಗಿದರೆ ತೋಳು ತಾನಾಗಿ ಹೋಗುವುದೆಂಬುದು ಮೈಗೆ ತಿಳಿಯುತ್ತದೆ.

ಕರಡಿ: ಸಡಿಲವಾದ ಮುಷ್ಟಿಗಳನ್ನು ಹೊಟ್ಟೆಯ ಮೇಲಿರಿಸಿ ನಡುವನ್ನು ಬೀಸುವ ಕಲ್ಲಿನಂತೆ ವರ್ತುಲವಾಗಿ ಆಡಿಸುವುದು, ಬಳಿಕ ಅತ್ತಿತ್ತ ತೂಗುತ್ತ ಇಡಿಯ ಪಾದವನ್ನು ಒಮ್ಮೆಗೇ ನೆಲಕ್ಕೆ ಇಳಿಸುವುದು. ಕರಡಿ ನೋಡಲು ಮಂದ, ಆದರೆ ಅದನ್ನು ತಳ್ಳಿ ಬೀಳಿಸುವುದು ಸುಲಭವಲ್ಲ. ಮೋಡದಂತೆ ಕೈಯಾಡಿಸುತ್ತ ಪಕ್ಕಕ್ಕೆ ಸರಿಯುವ ತೈ ಚಿ ಭಂಗಿಯಲ್ಲಿ ಕೈಗಳು ಎಷ್ಟು ಹಗುರವೋ ಕಾಲುಗಳು ಅಷ್ಟು ಭಾರವಾಗಿರಬೇಕು. ಆ ಭಾರವನ್ನು ಕರಡಿ ಕಲಿಸುತ್ತದೆ.

ಕೋತಿ: ಐದು ಬೆರಳ ತುದಿಗಳನ್ನೂ ಕೂಡಿಸಿ ಕೊಕ್ಕೆಯಂತೆ ಮಾಡಿ, ಎದೆಯ ಮುಂದಕ್ಕೆ ತಂದು, ಹೆಗಲನ್ನೇರಿಸಿ, ಹಿಮ್ಮಡಿಯನ್ನೆತ್ತಿ, ಥಟ್ಟನೆ ಪಕ್ಕಕ್ಕೆ ನೋಡುವುದು. ಇದು ಚುರುಕಿನ ಪಾಠ, ಕಣ್ಣಿನ ಪಾಠ. ತೈ ಚಿಯಲ್ಲಿ ಕೋತಿಯನ್ನು ಹಿಮ್ಮೆಟ್ಟಿಸುವ ಭಂಗಿಯಲ್ಲಿ ಸಾಧಕನು ಹಿಂದಕ್ಕೆ ಹೆಜ್ಜೆಯಿಡುತ್ತಾನೆ. ಪಾದದ ಮುಂಭಾಗ ಮೊದಲು ನೆಲವನ್ನು ಮುಟ್ಟಿ, ಅನಂತರ ಹಿಮ್ಮಡಿ ಇಳಿಯುತ್ತದೆ. ಕಣ್ಣಿಗೆ ಕಾಣದ ದಿಕ್ಕಿನಲ್ಲಿ ನಡೆಯುವಾಗ ಗಾಬರಿಪಡದಿರಲು ಕೋತಿಯ ಹಗುರತನ ನೆರವಾಗುತ್ತದೆ.

ಹಕ್ಕಿ: ಕೈಗಳು ಮೇಲೇರಿದಾಗ ಉಸಿರು ಒಳಕ್ಕೆ, ಇಳಿದಾಗ ಹೊರಕ್ಕೆ, ಒಂದು ಕಾಲು ಮೆಲ್ಲನೆ ನೆಲವನ್ನು ಬಿಡುತ್ತದೆ. ಕೊಕ್ಕರೆ ನೀರಿನಲ್ಲಿ ಒಂಟಿಕಾಲಿನಲ್ಲಿ ನಿಂತಾಗ ಅದರಲ್ಲಿ ಹೋರಾಟದ ಸುಳಿವೇ ಇರುವುದಿಲ್ಲ. ಹೊನ್ನಿನ ಹುಂಜದ ಭಂಗಿಯಲ್ಲಿ ತತ್ತರಿಸುವವರು ಸಾಮಾನ್ಯವಾಗಿ ಉಸಿರು ಬಿಗಿಹಿಡಿದವರೇ. ಹಕ್ಕಿಯಾಟದಲ್ಲಿ ಉಸಿರನ್ನು ಬಿಡಲು ಕಲಿತರೆ ಅರ್ಧ ತತ್ತರ ಅಲ್ಲೇ ನಿಲ್ಲುತ್ತದೆ.

ಹುಲಿಯಿಂದ ಯಕೃತ್ತಿಗೆ, ಜಿಂಕೆಯಿಂದ ಮೂತ್ರಪಿಂಡಕ್ಕೆ, ಕೋತಿಯಿಂದ ಹೃದಯಕ್ಕೆ ಹಿತವೆಂದು ಮುಂತಾಗಿ ಚೀನೀ ವೈದ್ಯಸಂಪ್ರದಾಯವು ಒಂದೊಂದು ಅಂಗವನ್ನು ಒಂದೊಂದು ಪ್ರಾಣಿಗೆ ಗಂಟುಹಾಕಿದೆ. ಅದು ಆ ಸಂಪ್ರದಾಯದ ನಂಬಿಕೆ. ಯಕೃತ್ತಿನ ರೋಗಕ್ಕೆ ಹುಲಿಯಾಟವೇ ಮದ್ದೆಂದು ವೈದ್ಯರನ್ನು ಬಿಡುವುದು ಮಾತ್ರ ಅವಿವೇಕ.

ಎಚ್ಚರಿಕೆಯ ಮಾತು

ಮೊದಲನೆಯ ತಪ್ಪು, ವೇಷ ಕಟ್ಟುವುದು. ಮುಖ ಸಿಂಡರಿಸಿ, ಬೆರಳು ಸೆಟೆಸಿ ಹುಲಿಯಾದೆನೆಂದುಕೊಂಡವರ ನಡುವು ಮರದ ದಿಮ್ಮಿಯಂತೆ ಬಿಗಿದಿರುತ್ತದೆ. ಎರಡನೆಯದು, ಹಮ್ಮಿಗಾಗಿ ತಗ್ಗುವುದು. ಹಾವಿನ ಭಂಗಿಯಲ್ಲಿ ಎಳೆಯರು ನೆಲವನ್ನು ಸವರಿದರೆಂದು ಎಪ್ಪತ್ತರ ಮೊಣಕಾಲೂ ಹಾಗೆಯೇ ಬಾಗಬೇಕೆಂಬ ವಿಧಿಯಿಲ್ಲ. ನೋವು ಕಾಣದಷ್ಟು ತಗ್ಗಿದರೆ ಸಾಕು. ಬಾಗಿದ ಮೊಣಕಾಲು ಪಾದದ ದಿಕ್ಕಿಗೇ ನೋಡುತ್ತಿರಬೇಕು, ಒಳಕ್ಕೆ ವಾಲಬಾರದು. ಮೂರನೆಯದು, ಆಸರೆಗೆ ನಾಚುವುದು. ಒಂಟಿಕಾಲಿನ ಅಭ್ಯಾಸವನ್ನು ಗಟ್ಟಿಯಾದ ಕುರ್ಚಿಯ ಬೆನ್ನನ್ನೋ ಗೋಡೆಯನ್ನೋ ಕೈಗೆಟಕುವಷ್ಟು ಹತ್ತಿರದಲ್ಲಿರಿಸಿಕೊಂಡೇ ಆರಂಭಿಸತಕ್ಕದ್ದು. ತಲೆಸುತ್ತು, ಹೃದ್ರೋಗ, ಮೂಳೆ ಸವೆತ ಇರುವವರು ಮೊದಲು ವೈದ್ಯರನ್ನು ಕೇಳಬೇಕು. ಉಂಡ ಕೂಡಲೇ ಆಡುವ ಆಟವೂ ಇದಲ್ಲ.

ಬೀಳದಿರುವ ವಿದ್ಯೆ

ಇಷ್ಟೆಲ್ಲ ಶ್ರಮಕ್ಕೆ ಫಲವೇನು? ವೂ ಪುವಿನ ತೊಂಬತ್ತರ ಹಲ್ಲುಗಳನ್ನು ಯಾರೂ ವಾಗ್ದಾನಮಾಡಲಾರರು. ಆದರೆ ಇಂದಿನ ವೈದ್ಯಶಾಸ್ತ್ರವು ತೈ ಚಿಯನ್ನು ತನ್ನದೇ ತಕ್ಕಡಿಯಲ್ಲಿ ತೂಗಿ ನೋಡಿದೆ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಪಾರ್ಕಿನ್‌ಸನ್ ರೋಗದಿಂದ ನರಳುತ್ತಿದ್ದ 195 ಮಂದಿಯನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ತೈ ಚಿಯನ್ನೂ ಉಳಿದೆರಡಕ್ಕೆ ಬೇರೆ ವ್ಯಾಯಾಮಗಳನ್ನೂ 24 ವಾರ ಕಲಿಸಿದರು. ತೈ ಚಿ ಕಲಿತವರು ಮೈಯ ಸಮತೋಲದಲ್ಲಿ ಉಳಿದಿಬ್ಬರಿಗಿಂತಲೂ ಮುಂದಾದರೆಂದು 2012 ರಲ್ಲಿ ಪ್ರಕಟವಾಯಿತು. ಬರಿಯ ಮೈಚಾಚುವ ವ್ಯಾಯಾಮ ಮಾಡಿದವರಿಗಿಂತ ಅವರು ಬಿದ್ದದ್ದೂ ಕಡಿಮೆ. ಮನೆಗಳಲ್ಲಿ ವಾಸಿಸುವ ಹಿರಿಯರನ್ನು ಕುರಿತ ಹಲವು ಪರೀಕ್ಷೆಗಳನ್ನು ಒಟ್ಟಿಗೆ ಪರಿಶೀಲಿಸಿದ 2019 ರ ಒಂದು ವರದಿಯು, ತೈ ಚಿಯಿಂದ ಬೀಳುವ ಪ್ರಮಾಣ ಸುಮಾರು ಶೇಕಡ 19 ರಷ್ಟು ತಗ್ಗಬಹುದೆಂದು ಎಚ್ಚರಿಕೆಯಿಂದ ಹೇಳಿದೆ.

ಅಂಕಿಗಳಲ್ಲಿ ಇದು ಸಣ್ಣದಾಗಿ ಕಾಣಬಹುದು. ಆದರೆ ಒಮ್ಮೆ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯಿರುವ ಮನೆಗೆ ಅದರ ಅರ್ಥ ತಿಳಿದಿದೆ. ಅಂದಿನಿಂದ ಆಕೆ ಅಂಗಳಕ್ಕೆ ಇಳಿಯಲು ಅಂಜುತ್ತಾರೆ. ಅಂಜಿ ಕುಳಿತಷ್ಟೂ ಕಾಲಿನ ಬಲ ಕುಗ್ಗುತ್ತದೆ. ಬಲ ಕುಗ್ಗಿದಷ್ಟೂ ಮತ್ತೆ ಬೀಳುವ ಭಯ ಹೆಚ್ಚುತ್ತದೆ. ಆ ಬಲೆಯಿಂದ ಹೊರಬರಲು ಬೇಕಾದದ್ದು ದೊಡ್ಡ ಸಾಹಸವಲ್ಲ. ಹುಲಿಯಂತೆ ನೆಲವನ್ನು ಪರೀಕ್ಷಿಸಿ ಇಡುವ ಒಂದು ಹೆಜ್ಜೆ, ಹಕ್ಕಿಯಂತೆ ಬಿಡುವ ಒಂದು ಉಸಿರು, ದಿನಕ್ಕೆ ಹತ್ತು ಹದಿನೈದು ನಿಮಿಷಗಳ ಆಟ. ಕಲಿತ ಗುರು ಒಬ್ಬರು ಹತ್ತಿರವಿದ್ದು ತಿದ್ದಿದರೆ ಇನ್ನೂ ಲೇಸು.

ಸೆರೆಮನೆಯ ಕಾವಲುಗಾರನು ಅಂದು ಕೈಚಾಚಿದ್ದರೆ ವೈದ್ಯಲೋಕಕ್ಕೆ ಏನೇನು ದಕ್ಕುತ್ತಿತ್ತೋ. ಆ ಸುರುಳಿಯಲ್ಲಿದ್ದುದು ಬೆಂಕಿಯ ಪಾಲಾಯಿತು. ಶಿಷ್ಯನೊಬ್ಬನು ದಿನವೂ ಆಡಿದ ಆಟಕ್ಕೆ ಮಾತ್ರ ಬೆಂಕಿ ತಗುಲಲಿಲ್ಲ. ಒಬ್ಬರಿಂದ ಒಬ್ಬರಿಗೆ, ಮೈಯಿಂದ ಮೈಗೆ ದಾಟುತ್ತ, ರೂಪ ಬದಲಿಸುತ್ತ ಅದು ಇಂದಿನ ಬೆಳಗಿನ ಉದ್ಯಾನದವರೆಗೆ ಬಂದಿದೆ. ಅಲ್ಲಿ ವೃದ್ಧೆಯೊಬ್ಬರು ಕೊಕ್ಕರೆಯಾಗಿ ನಿಂತಿದ್ದಾರೆ. ಪಕ್ಕದಲ್ಲಿ ಮೊಮ್ಮಗು ನಗುತ್ತ ಅವರನ್ನೇ ಅನುಕರಿಸುತ್ತಿದೆ.